ಎಡಗಡೆ ಸ್ಟೇರಿಂಗಿನ ಜೀಪು

ಶಿರಾಲಿಯಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಸ್ಕೂಲ್ ಅಂದರೆ ಒಂದು ಕೋಣೆ, ಒಂದು ಸಣ್ಣ ಕಾರು, ಮತ್ತು ನಾನು. ಕಲಿಯಲು ಬರುವವರಲ್ಲಿ ಹೆಂಗಸರೇ ಹೆಚ್ಚು. ಬೇರೆ ಕಡೆ ಕಲಿಸುವವರು ಬೈಯುತ್ತಾರೆ, ಅಲ್ಲಿಯವಳು ಬೈಯುವುದಿಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಾರೆ. ನನಗೆ ಸಿಟ್ಟು ಬರುವುದಿಲ್ಲವೆಂದಲ್ಲ. ನನ್ನ ಕಾಲ ಬುಡದಲ್ಲೂ ಒಂದು ಬ್ರೇಕು ಇದೆ; ಬೈಯುವ ಮೊದಲು ಅದನ್ನು ಒತ್ತಿಬಿಡುತ್ತೇನೆ, ಅಷ್ಟೆ.

ಒಂದು ಬೆಳಿಗ್ಗೆ ಭಟ್ಕಳದಿಂದ ಒಬ್ಬ ಹಿರಿಯ ಹೆಂಗಸು ರಿಕ್ಷಾದಲ್ಲಿ ಬಂದಿಳಿದರು. ಕಪ್ಪು ಬುರ್ಖಾ, ಮುಖದ ಮೇಲಿನ ಪರದೆಯನ್ನು ತಲೆಯ ಮೇಲಕ್ಕೆ ಎತ್ತಿದ್ದರು. ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡು, "ಇಲ್ಲಿ ಲೈಸೆನ್ಸ್ ಮಾಡಿಸಿ ಕೊಡೋದಾ, ಡ್ರೈವಿಂಗ್ ಕಲಿಸೋದಾ?" ಎಂದು ಕೇಳಿದರು.

"ಮೊದಲು ಕಲಿಯೋದು, ಆಮೇಲೆ ಲೈಸೆನ್ಸು. ಯಾರಿಗೆ, ಮೊಮ್ಮಗಳಿಗಾ?"

"ನನಗೆ."

ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. ಅವರು ನಕ್ಕರು.

"ಕಣ್ಣು ಸರಿ ಇದೆ, ಮೊಣಕಾಲೂ ಸರಿ ಇದೆ. ಡಾಕ್ಟರ್ ಹತ್ರ ಬರೆಸಿಕೊಂಡು ಬರ್ತೀನಿ. ಆದ್ರೆ ನನ್ನ ಗಾಡಿಯಲ್ಲೇ ಕಲಿಸ್ಬೇಕು."

"ಎಂತ ಗಾಡಿ?"

"ಜೀಪು. ಜಪಾನಿಂದು, ಡೀಸೆಲ್. ನಮ್ಮ ಮನೆಯವರು ಗಲ್ಫಿನಿಂದ ಹಡಗಲ್ಲಿ ತರಿಸಿದ್ದು. ಈಗ ಓಡೋದಿಲ್ಲ. ನಂಬರೂ ಇಲ್ಲ." ಸ್ವಲ್ಪ ತಡೆದು ಸೇರಿಸಿದರು: "ನಿಮ್ಮ ಯಜಮಾನರು ಎಂಜಿನ್ ಕೆಲಸದವರಂತೆ. ಅದನ್ನೂ ಕೇಳಿಕೊಂಡೇ ಬಂದೆ."

ಅವರನ್ನು ಏನೆಂದು ಕರೆಯುವುದು ಎಂದು ಗೊತ್ತಾಗದೆ ಆ ದಿನ 'ಅಮ್ಮ' ಎಂದೆ. ಅವರು ಹೂಂ ಎಂದರು. ಇವತ್ತಿಗೂ ಹಾಗೇ ಕರೆಯುತ್ತೇನೆ.

ನಮ್ಮನೆಯವರ ವಿಷಯವನ್ನು ಇಲ್ಲಿ ಹೇಳಬೇಕು. ಅವರು ಹೊನ್ನಾವರದ ಬಂದರಿನಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಬೋಟಿನ ಎಂಜಿನ್ ಇರುವುದು ಹಲಗೆಯ ಕೆಳಗೆ, ಬಗ್ಗಿದರೂ ತಲೆಗೆ ತಾಗುವ ಗೂಡಿನಲ್ಲಿ. ವರ್ಷಗಟ್ಟಲೆ ಅದರಲ್ಲಿ ಬಗ್ಗಿ ಬಗ್ಗಿ ಬೆನ್ನಿನ ಡಿಸ್ಕು ಜಾರಿತು. ಇನ್ನು ಬೋಟಿನೊಳಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದರು. ಮೊದಮೊದಲು ಬೋಟಿನವರು ಫೋನ್ ಮಾಡಿ, ಫೋನನ್ನು ಎಂಜಿನ್ ಹತ್ತಿರ ಹಿಡಿದು, "ಮೇಸ್ತ್ರೀ, ಈ ಸದ್ದು ಎಂತದು?" ಎಂದು ಕೇಳುತ್ತಿದ್ದರು. ಇವರು ಜಗಲಿಯಲ್ಲಿ ಕೂತೇ ಹೇಳುತ್ತಿದ್ದರು. ಬರಬರುತ್ತ ಫೋನುಗಳು ಕಡಿಮೆಯಾದವು. ಬಂದರಿಗೆ ಬೇರೆ ಮೇಸ್ತ್ರಿ ಬಂದಿದ್ದ. ಇವರು ಯಾರ ಹತ್ತಿರವೂ ಬೇಸರ ಹೇಳಿಕೊಂಡವರಲ್ಲ. ಆದರೆ ಕುಮಟೆಗೆ ಹೋಗುವಾಗ ಶರಾವತಿ ಸೇತುವೆಯ ಮೇಲೆ ಬಸ್ಸಿನಲ್ಲಿ ಪೂರ್ವದ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಬಂದರು ಇರುವುದು ಪಶ್ಚಿಮಕ್ಕೆ.

ಜೀಪಿನ ಸುದ್ದಿ ಹೇಳಿದಾಗ, "ಬೋಟಿನ ಎಂಜಿನ್ ಬೇರೆ, ಗಾಡಿದು ಬೇರೆ. ನನ್ನಿಂದ ಆಗೂದಲ್ಲ" ಎಂದರು.

"ನೋಡಿ ಹೇಳಿದ್ರೆ ಸಾಕಂತೆ."

"ನೋಡೂಕೆ ಎಂತ, ನೋಡ್ವ" ಎಂದು ಅಂಗಿ ಹಾಕಿಕೊಂಡರು.

ಜೀಪು ಇದ್ದದ್ದು ಮಂಕಿಯಲ್ಲಿ, ಕಡಲಿಗೆ ಹತ್ತಿರ ಅಮ್ಮನ ತೆಂಗಿನ ತೋಟದಲ್ಲಿ. ತೆಂಗಿನ ಗರಿಯ ಮಡಲು ಹೊದೆಸಿದ ಶೆಡ್ಡಿನೊಳಗೆ ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಒಂದು ಕಾಲಕ್ಕೆ ಮರಳಿನ ಬಣ್ಣ ಇದ್ದಿರಬೇಕು. ಈಗ ಎಲ್ಲಿ ಬಣ್ಣ, ಎಲ್ಲಿ ತುಕ್ಕು ಎಂದು ಹೇಳುವುದು ಕಷ್ಟವಾಗಿತ್ತು. ಸ್ಟೇರಿಂಗ್ ಎಡಗಡೆ. ಅಮ್ಮನ ಗಂಡ ಅದನ್ನು ಮುಂಬಯಿ ಬಂದರಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡು, ಲಾರಿಯ ಮೇಲೆ ಹೇರಿ ತಂದಿದ್ದರು. ಎಡಗಡೆ ಸ್ಟೇರಿಂಗಿನ ಗಾಡಿಗೆ ಇಲ್ಲಿ ನಂಬರು ಮಾಡಿಸುವ ರಗಳೆಯೇ ಬೇಡ, ರಸ್ತೆಗೆ ಇಳಿಸಿದರೆ ತಾನೇ ಎಂದು ತೋಟದೊಳಗೇ ಇಟ್ಟುಕೊಂಡರಂತೆ. ತೆಂಗಿನಕಾಯಿ ಎಳೆಯುವುದು, ಗೊಬ್ಬರ ಹೊರುವುದು, ಮಳೆಗಾಲದ ಆರಂಭದಲ್ಲಿ ಕಡಲು ಎದ್ದರೆ ಪಕ್ಕದ ಕೇರಿಯವರ ದೋಣಿಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಡುವುದು. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ.

ನಮ್ಮನೆಯವರು ಬಾನೆಟ್ ಎತ್ತಿದರು. ಒಳಗೆ ತೆಂಗಿನ ನಾರು ತುಂಬಿ ಇಲಿ ಸಂಸಾರ ಹೂಡಿತ್ತು. ನಾರನ್ನು ತೆಗೆದು ಕೆಳಗಿಟ್ಟರು. ಆಯಿಲ್ ಕಡ್ಡಿ ಎಳೆದು ಮೂಸಿದರು. ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ ತಿರುಗಿಸಲು ನೋಡಿದರು, ಅದು ಕದಲಲಿಲ್ಲ.

"ಜಾಮ್ ಆಗಿದೆ" ಎಂದರು. ನಾನು ಮುಗಿಯಿತು ಎಂದುಕೊಂಡೆ. ಅವರು ಅಲ್ಲೇ ನಿಂತು ಎಂಜಿನ್ನನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು. ಒಂದು ಕೈಯನ್ನು ಬೆನ್ನ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಎಂಜಿನ್ನಿನ ಮುಚ್ಚಳದಂಥ ಹೆಡ್ಡನ್ನು ಸವರಿ, "ಇದನ್ನು ನಿಂತ್ಕೊಂಡೇ ಮಾಡ್ಬಹುದು ಮಾರಾಯ್ತಿ" ಎಂದರು.

ಮಾರನೇ ದಿನದಿಂದ ಬೆಳಗಿನ ಬಸ್ಸಿಗೆ ಮಂಕಿಗೆ ಹೊರಟರು.

ಹೊನ್ನಾವರದ ಆರ್‌ಟಿಓ ಕಚೇರಿ ನನಗೆ ಹೊಸದಲ್ಲ. ಕಲಿತವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಲೇ ಇರುತ್ತೇನೆ. ಅಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಹತ್ತಿರ ಜೀಪಿನ ವಿಷಯ ತೆಗೆದೆ. ಅವರು ಕುತೂಹಲದಿಂದ ಕೇಳಿದರು.

"ಐವತ್ತು ವರ್ಷ ದಾಟಿದ್ಯಾ?"

"ದಾಟಿದೆ. ಗಲ್ಫಿನಲ್ಲಿ ಮೊದಲು ಮಾಡಿಸಿದ ನೋಂದಣಿ ಕಾರ್ಡು ಇದೆ. ಕಸ್ಟಮ್ಸ್ ಕಾಗದವೂ ಇದೆ."

"ಹಾಗಾದ್ರೆ ವಿಂಟೇಜ್ ಅಂತ ಅರ್ಜಿ ಹಾಕಿ. ಆದ್ರೆ ಒಂದು ಮಾತು. ಎಂಜಿನ್ನು, ಚಾಸಿ, ಬಾಡಿ, ಎಲ್ಲ ಹುಟ್ಟುವಾಗ ಹೇಗಿತ್ತೋ ಹಾಗೇ ಇರ್ಬೇಕು. ಬೇರೆ ಎಂಜಿನ್ ಕೂರಿಸಿ ತಂದ್ರೆ ನಾನು ಮೇಲಕ್ಕೆ ಬರೆಯೋಕೆ ಆಗೋದಿಲ್ಲ."

ನಾನು ಅಲ್ಲಿಂದಲೇ ಮನೆಯವರಿಗೆ ಫೋನ್ ಮಾಡಿದೆ. ಅವರು ಆ ಹೊತ್ತಿಗೆ ಕುಮಟೆಯಲ್ಲಿ ಯಾರದೋ ಗುಜರಿಯಲ್ಲಿದ್ದ ನಮ್ಮ ದೇಶದ ಎಂಜಿನ್ ಒಂದನ್ನು ಮಾತಾಡಿ ಆಗಿತ್ತು. "ಒಳ್ಳೇದಾತು, ಇನ್ನೂ ತಂದಿಲ್ಲ" ಎಂದರು. ದನಿಯಲ್ಲಿ ಬೇಸರ ಇರಲಿಲ್ಲ. ಬೇರೆ ಎಂಜಿನ್ ಕೂರಿಸುವುದು ಅವರಿಗೂ ಮನಸ್ಸಿಲ್ಲದ ಕೆಲಸವೇ ಆಗಿತ್ತು.

ಇನ್ನೊಂದು ಯೋಚನೆಯೂ ಅವರ ತಲೆಯಲ್ಲಿತ್ತು. ಸ್ಟೇರಿಂಗನ್ನು ಬಲಗಡೆಗೆ ತಂದುಬಿಟ್ಟರೆ ಕಲಿಯಲು ಸುಲಭ ಎಂದು. ಅದಕ್ಕೂ ಕಾನೂನು ಅಡ್ಡ ಬಂತು, ಆದರೆ ಕಾನೂನಿಗಿಂತ ಮೊದಲು ಅಮ್ಮನೇ ಅಡ್ಡ ಬಂದರು.

"ಬೇಡ. ನಾನು ಕಲಿತದ್ದೇ ಅಲ್ಲಿ ಕೂತು."

ಆಗಲೇ ನಮಗೆ ಗೊತ್ತಾದದ್ದು, ಅವರಿಗೆ ಗಾಡಿ ಓಡಿಸಲು ಬರುತ್ತಿತ್ತು ಎಂದು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಗಲ್ಫಿನಲ್ಲಿದ್ದರಂತೆ. ಶುಕ್ರವಾರ ರಜೆ. ಊರಿನ ಹೊರಗೆ ಮರಳಿನ ಬಯಲಿಗೆ ಹೋಗಿ, ಗಂಡ ಇಳಿದು, ಇವರನ್ನು ಸ್ಟೇರಿಂಗಿನ ಮುಂದೆ ಕೂರಿಸುತ್ತಿದ್ದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ಅಮ್ಮ ಅದನ್ನು ಹೇಳಿದರು.

"ಅಲ್ಲಿ ಯಾರಿಗಾದ್ರೂ ಡಿಕ್ಕಿ ಹೊಡೀಬೇಕಂದ್ರೂ ಆಗೋದಿಲ್ಲ. ಎಷ್ಟು ದೂರ ನೋಡಿದ್ರೂ ಏನೂ ಇಲ್ಲ. ಅವರು ಪಕ್ಕದಲ್ಲಿ ಕೂತು ಖರ್ಜೂರ ತಿಂತಾ ಇದ್ರು. ನಾನು ಸುತ್ತು ಹಾಕ್ತಾ ಇದ್ದೆ."

"ಮತ್ತೆ ಇಲ್ಲಿಗೆ ಬಂದ ಮೇಲೆ ಯಾಕೆ ಓಡಿಸ್ಲಿಲ್ಲ?" ಎಂದು ಕೇಳಿದೆ.

ಅವರು ಯೋಚನೆ ಮಾಡಿದರು. "ಯಾರೂ ಬೇಡ ಅನ್ಲಿಲ್ಲ. ನಾನೂ ಕೇಳ್ಲಿಲ್ಲ. ಮಗ ಹುಟ್ಟಿದ. ಅತ್ತೆ ಹಾಸಿಗೆ ಹಿಡಿದ್ರು. ಒಂದಾದ ಮೇಲೊಂದು ಬಂತು, ಹೋಯ್ತು."

ಆ ಮಗನಿಗೆ ಈಗ ಭಟ್ಕಳದಲ್ಲಿ ಬಟ್ಟೆ ಅಂಗಡಿ. ಒಬ್ಬನೇ ಮಗ. ಒಂದು ಮಧ್ಯಾಹ್ನ ಅವನು ನನ್ನ ಸ್ಕೂಲಿಗೆ ಬಂದ. ಸಭ್ಯ ಮನುಷ್ಯ, ಕೂರು ಎಂದರೂ ನಿಂತೇ ಇದ್ದ.

"ಅಕ್ಕಾ, ಗೋವಾದವರೊಬ್ಬರು ಹಳೇ ಗಾಡಿ ಸಂಗ್ರಹ ಮಾಡ್ತಾರೆ. ಅವರು ಇದನ್ನು ಹಾಗೇ ತಗೊಂಡು ಹೋಗ್ತೇನೆ ಅಂತಿದ್ದಾರೆ. ಅಮ್ಮ ನನ್ನ ಮಾತು ಕೇಳ್ತಿಲ್ಲ. ನೀವು ಹೇಳಿದ್ರೆ ಕೇಳಬಹುದು."

"ಎಂತ ಹೇಳೂದು?"

"ಈ ವಯಸ್ಸಲ್ಲಿ ಬೇಡ ಅಂತ. ಹೈವೇ ನೋಡಿದ್ದೀರಲ್ಲ, ಟ್ಯಾಂಕರುಗಳು ಹೇಗೆ ಬರ್ತಾವೆ. ಅಪ್ಪ ಹೋದ್ರು. ಅಮ್ಮನಿಗೂ ಏನಾದ್ರೂ ಆದ್ರೆ?"

ಅವನು ಹೆದರಿದ್ದ, ಅಷ್ಟೆ. ಜೀಪಿನ ಕಾಗದಗಳು ಅವನ ಅಪ್ಪನ ಹೆಸರಿನಲ್ಲಿದ್ದವು. ಅಮ್ಮನ ಹೆಸರಿಗೆ ಆಗಬೇಕಾದರೆ ವಾರಸುದಾರನಾಗಿ ಇವನ ಒಪ್ಪಿಗೆ ಬೇಕಿತ್ತು. ನಾನು ಅದರ ಮಾತು ಎತ್ತಲಿಲ್ಲ. "ಅವರು ಸರಿಯಾಗಿ ಓಡಿಸದಿದ್ರೆ ನಾನೇ ಬೇಡ ಅಂತೇನೆ. ಅದನ್ನು ನನಗೆ ಬಿಡು" ಎಂದೆ. ಅವನು ತಲೆ ಆಡಿಸಿ ಹೋದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಅತ್ತ ಮಂಕಿಯಲ್ಲಿ ಕೆಲಸ ನಿಧಾನವಾಗಿ ಸಾಗಿತ್ತು. ಜಾಮ್ ಆದ ಎಂಜಿನ್ನಿನೊಳಗೆ ಡೀಸೆಲ್ಲು ಮತ್ತು ಆಯಿಲ್ ಬೆರೆಸಿ ಸುರಿದು, ಅದನ್ನು ಅದರ ಪಾಡಿಗೆ ಬಿಟ್ಟು, ನಮ್ಮನೆಯವರು ಬೇರೆ ಕೆಲಸ ಹಿಡಿದರು. ಬ್ರೇಕುಗಳನ್ನು ಬಿಚ್ಚಿದರು. ಡೀಸೆಲ್ ಪಂಪನ್ನು ಹುಬ್ಬಳ್ಳಿಗೆ ಕಳಿಸಿದರು. ತಳದ ತಗಡು ಕಡಲ ಗಾಳಿಗೆ ಹಪ್ಪಳದಂತಾಗಿತ್ತು. ಅಲ್ಲೇ ಊರಲ್ಲಿ ಗೇಟು ಮಾಡುವ ವೆಲ್ಡಿಂಗಿನವನನ್ನು ಕರೆಸಿ, ಹಳೆಯದರ ಅಳತೆಗೇ ಹೊಸ ತಗಡು ಕೂರಿಸಿದರು. ಪಕ್ಕದ ಕೇರಿಯ ಮೀನುಗಾರರು ಬಲೆ ಕೆಲಸ ಮುಗಿಸಿ ಬಂದು ನೋಡುತ್ತ ನಿಲ್ಲುತ್ತಿದ್ದರು. ತಮ್ಮ ದೋಣಿ ಎಳೆದ ಗಾಡಿ ಎಂದು ಅವರಿಗೆಲ್ಲ ಅದರ ಮೇಲೆ ಒಂದು ನಮೂನೆಯ ಹಕ್ಕು. ಭಾರ ಎತ್ತಬೇಕಾದಾಗ ಕೂಗಿದರೆ ಸಾಕು, ಬರುತ್ತಿದ್ದರು. ನಮ್ಮನೆಯವರಿಗೆ ಬಗ್ಗಲು ಬಿಡುತ್ತಿರಲಿಲ್ಲ.

ಒಂದು ದಿನ ಪುಲ್ಲಿ ತಿರುಗಿ ಜಾಮ್ ಬಿಟ್ಟಿತು. ಆದರೆ ಹೆಡ್ಡು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ ಅದರಲ್ಲೊಂದು ಬಿರುಕು ಕಂಡಿತು. ಕೂದಲಿನಷ್ಟು ತೆಳ್ಳಗೆ, ಎರಡು ವಾಲ್ವುಗಳ ನಡುವೆ. ಆ ದಿನ ನಾನೂ ಊಟ ತೆಗೆದುಕೊಂಡು ಹೋಗಿದ್ದೆ. ಇವರು ಅನ್ನವನ್ನು ಕಲಸುತ್ತ ಕೂತರು, ತಿನ್ನಲಿಲ್ಲ.

"ವೆಲ್ಡಿಂಗ್ ಮಾಡಿಸಿದ್ರೆ?"

"ಇದು ಬೀಡು ಕಬ್ಬಿಣ. ಬಿಸಿಯಾದ ಕೂಡ್ಲೆ ಮತ್ತೆ ಬಿಡ್ತದೆ. ಹೊಸದು ಜಪಾನಿನಲ್ಲೂ ಸಿಗೂಕಿಲ್ಲ."

ಅಮ್ಮ ಅಲ್ಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಜೀಪಿನ ಬಾಗಿಲನ್ನು ಒರೆಸತೊಡಗಿದರು. ಬಾಗಿಲಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಕೈ ತೊಳೆಯಲು ಹೋದ ನಮ್ಮನೆಯವರು ನೀರಿನ ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟರು. "ಅಘನಾಶಿನಿಯಲ್ಲಿ ಒಂದು ಇದೆ" ಎಂದರು.

"ಎಂತ ಇದೆ?"

"ಇದೇ ಎಂಜಿನ್ನು. ಒಬ್ಬರು ಮುಂಬಯಿ ಗುಜರಿಯಿಂದ ತಂದು ಬೋಟಿಗೆ ಹಾಕ್ಸಿದ್ರು. ಕೂರಿಸಿ ಕೊಟ್ಟವನು ನಾನೇ."

ಭಾನುವಾರ ನನ್ನ ಕಾರಿನಲ್ಲಿ ಇಬ್ಬರೂ ಹೊರಟೆವು. ಕುಮಟೆ ದಾಟಿ ಒಳಗೆ ತಿರುಗಿ ಅಘನಾಶಿನಿ ಊರು ಮುಟ್ಟುವ ಹೊತ್ತಿಗೆ ಇಳಿತ. ಹೊಳೆಯ ನೀರು ದೂರ ಸರಿದು, ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಬೆಳಚು, ಎಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಬೋಟು ದಂಡೆಯ ಮೇಲೆ ಒಂದು ಕಡೆ ವಾಲಿಕೊಂಡಿತ್ತು, ಮೇಲೆ ಹರಿದ ಟಾರ್ಪಾಲು. ಬೋಟಿನ ಯಜಮಾನರು ನಮ್ಮನ್ನು ನೋಡಿದವರೇ ಎದ್ದು ಬಂದರು. ವಯಸ್ಸಾದವರು.

"ಎಂತ ಮೇಸ್ತ್ರೀ, ಬೆನ್ನು ಹೆಂಗಿದೆ? ಈ ಕಡೆ ಬರೂದೇ ಬಿಟ್ರಲ್ಲ!"

ಚಹಾ ಬಂತು, ಮಾತು ಬಂತು. ಇವರು ಕೊನೆಗೆ ಹೆಡ್ಡಿನ ಸುದ್ದಿ ತೆಗೆದಾಗ ಅವರ ಮುಖ ಗಂಟಾಯಿತು.

"ಅದು ಆಗೂದಲ್ಲ. ಬರೂ ವರ್ಷ ಬೋಟು ಇಳಿಸ್ತೆ ನಾನು."

ಒಳಗಿನಿಂದ ಅವರ ಹೆಂಡತಿ ಹೇಳಿದರು: "ಪ್ರತಿ ವರ್ಷ ಬರೂ ವರ್ಷ. ಅದು ನೀರು ಕಂಡು ಎಷ್ಟು ಮಳೆಗಾಲ ಆತು? ಹಲಗೆ ಎಲ್ಲ ಗೆದ್ದಲು ತಿಂದಿದೆ. ಗಂಡು ಮಕ್ಕಳು ಬೇರೆ ಬೋಟಿಗೆ ಹೋಗೂಕೆ ಹಿಡಿದ್ರು."

"ನಿನಗೆ ಎಂತ ಗೊತ್ತು!" ಎಂದು ಅವರು ಎದ್ದು ಹೊಳೆಯ ಕಡೆಗೆ ನಡೆದುಬಿಟ್ಟರು.

ನನಗೆ ಮುಜುಗರವಾಯಿತು. ಹೋಗ್ವ ಎಂದು ಮನೆಯವರಿಗೆ ಸನ್ನೆ ಮಾಡಿದೆ. ಇವರು ಏಳಲಿಲ್ಲ. ಒಬ್ಬ ಮನುಷ್ಯ ತನ್ನ ಕೆಲಸ ಮುಗಿಯಿತೆಂದು ಒಪ್ಪಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದು ನನಗಿಂತ ಇವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಕೂತೇ ಇದ್ದೆವು. ಆ ಹೆಂಗಸು ನಮಗೆ ಬೆಳಚಿನ ಸಾರು ಹಾಕಿ ಊಟ ಬಡಿಸಿದರು. ಊಟ ಮುಗಿಯುವಾಗ ಬೋಟಿನ ಯಜಮಾನರು ವಾಪಸು ಬಂದರು. ಕೈಯಲ್ಲಿ ಪಾನಾಗಳ ಪೆಟ್ಟಿಗೆ.

"ನೀವು ಕೆಳಗೆ ಇಳೀಬ್ಯಾಡಿ ಮೇಸ್ತ್ರೀ. ಮೇಲೆ ನಿಂತು ಹೇಳಿ, ನಾನು ಬಿಚ್ತೆ."

ಇವರು ಬೋಟಿನ ಅಂಚಿನಲ್ಲಿ ನಿಂತು ಯಾವ ನಟ್ಟು ಮೊದಲು, ಯಾವುದು ಆಮೇಲೆ ಎಂದು ಹೇಳಿದರು. ಅವರು ಒಳಗಿಳಿದು ಬಿಚ್ಚಿದರು. ಹೆಡ್ಡನ್ನು ಮೇಲೆ ತಂದು ದಂಡೆಯ ಮೇಲಿಟ್ಟಾಗ ಇಬ್ಬರೂ ಬೆವರಿದ್ದರು. ನಮ್ಮನೆಯವರು ಅದನ್ನು ಒರೆಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳಿದರು. ಸೀಮೆಎಣ್ಣೆ ಸುರಿದು ಕಾದರು. ಬಿರುಕಿರಲಿಲ್ಲ. ಹೆಡ್ಡಿಗೆ ಎಷ್ಟು ಕೊಡಬೇಕು ಎಂದು ನಾನು ಕೇಳಿದೆ. ಅವರು ನನ್ನ ಕಡೆ ನೋಡದೆ, "ಗಾಡಿ ಚಾಲೂ ಆದ್ರೆ ಫೋನ್ ಮಾಡಿ, ಸದ್ದು ಕೇಳ್ಸಿ" ಎಂದರು. ಟಾರ್ಪಾಲನ್ನು ಮತ್ತೆ ಬೋಟಿನ ಮೇಲೆ ಎಳೆದು, ಮೂಲೆಗಳಿಗೆ ಕಲ್ಲು ಇಟ್ಟು ಬಂದರು.

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಒಂದು ಬೆಳಿಗ್ಗೆ ಜೀಪನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆವು. ನಮ್ಮನೆಯವರು ಚಾವಿಯನ್ನು ಅಮ್ಮನ ಕೈಗೆ ಕೊಟ್ಟರು. ಅವರು ಬುರ್ಖಾದ ತೋಳನ್ನು ಹಿಂದಕ್ಕೆ ಸರಿಸಿ ಎಡಗಡೆ ಹತ್ತಿ ಕೂತರು. ಇವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ, "ಮೊದಲು ಕಾಯಿಸ್ಬೇಕು, ಅಲ್ವಾ?" ಎಂದು ಚಾವಿಯನ್ನು ಅರ್ಧ ತಿರುಗಿಸಿ ಹಿಡಿದರು. ಎದುರಿನ ಹಲಗೆಯ ಮೇಲೆ, ಎಂಜಿನ್ ಕಾದದ್ದು ತೋರಿಸುವ ಒಂದು ಸಣ್ಣ ತಂತಿಯ ಸುರುಳಿ ಕೆಂಪಾಗತೊಡಗಿತು. ಪೂರ್ತಿ ಕೆಂಪಾಗುವವರೆಗೆ ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ಪೂರ್ತಿ ತಿರುಗಿಸಿದರು.

ಒಂದೆರಡು ಸಲ ಕೆಮ್ಮಿತು. ಬಿಳಿ ಹೊಗೆ ತೋಟವನ್ನೆಲ್ಲ ತುಂಬಿತು. ಮತ್ತೆ ಕೆಮ್ಮಿ, ಮೈಯೆಲ್ಲ ನಡುಗಿಸಿಕೊಂಡು ಹಿಡಿದುಕೊಂಡಿತು. ಕಾಗೆಗಳು ಹಾರಿಹೋದವು. ಕೇರಿಯವರು ಓಡಿ ಬಂದರು. ನಮ್ಮನೆಯವರು ಅಘನಾಶಿನಿಗೆ ಫೋನ್ ಹಚ್ಚಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು. ಆ ಕಡೆಯವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇವರು "ಹೌದು, ಹೌದು" ಎಂದಷ್ಟೇ ಹೇಳಿದರು. ಅಮ್ಮ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಅಳುತ್ತಿದ್ದರು. ಅದನ್ನು ಅಡಗಿಸಿಕೊಳ್ಳಲೂ ಹೋಗಲಿಲ್ಲ.

ಅಂದಿನಿಂದ ನನ್ನ ಕೆಲಸ ಶುರುವಾಯಿತು. ಇಷ್ಟು ವರ್ಷ ನಾನು ಎಡಗಡೆ ಕೂತು, ಕಾಲ ಕೆಳಗೆ ಬ್ರೇಕು ಇಟ್ಟುಕೊಂಡು ಕಲಿಸಿದವಳು. ಇಲ್ಲಿ ಬಲಗಡೆ ಕೂತಿದ್ದೆ, ಕಾಲ ಕೆಳಗೆ ಬರೀ ತಗಡು. ಅಮ್ಮ ತೆಂಗಿನ ಮರದ ಕಡೆಗೆ ಹೊರಟರೆ ನನ್ನ ಕಾಲು ತಾನಾಗಿಯೇ ಆ ತಗಡನ್ನು ಒತ್ತುತ್ತಿತ್ತು. ಅವರು ಮರದ ಹತ್ತಿರ ಹೋಗಿ ಆರಾಮವಾಗಿ ತಿರುಗಿಸಿಕೊಳ್ಳುತ್ತಿದ್ದರು. ಒಂದು ದಿನ "ನಿಮ್ಮ ಕಾಲಿಗೆ ಎಂತ ಆಗಿದೆ?" ಎಂದು ಕೇಳಿದರು. ನಾನು ಹೇಳಿದೆ. ಇಬ್ಬರೂ ಗಾಡಿ ನಿಲ್ಲಿಸಿಕೊಂಡು ನಕ್ಕೆವು.

ನನ್ನ ಕಾರಿನಲ್ಲಿ ಮಾತ್ರ ಅವರು ಕಷ್ಟಪಟ್ಟರು. ಲೈಸೆನ್ಸ್ ಪರೀಕ್ಷೆಗೆ ಅದೇ ಬೇಕಿತ್ತು. ಗೇರು ಹಾಕುವಾಗೆಲ್ಲ ಅವರ ಬಲಗೈ ಬಾಗಿಲಿಗೆ ಹೊಡೆಯುತ್ತಿತ್ತು. ಮೊದಲ ಸಲ ಪರೀಕ್ಷೆಯಲ್ಲಿ ಹಾಗೇ ಆಗಿ ಫೇಲಾದರು. ಹೊರಗೆ ಬಂದು, "ಬಾಗಿಲು ಪಾಸಾಯ್ತು, ನಾನು ಫೇಲು" ಎಂದರು. ಮುಂದಿನ ಸಲ ಪಾಸಾದರು.

ಮಗ ಬಂದದ್ದು ಇದರ ನಡುವೆ. ತೋಟದ ಬೇಲಿಯ ಆಚೆ ಬೈಕು ನಿಲ್ಲಿಸಿ ನೋಡುತ್ತ ನಿಂತಿದ್ದ. ಅಮ್ಮ ಅವನನ್ನು ಕಂಡರು.

"ಹತ್ತು, ಹಿಂದೆ ಕೂತ್ಕೋ" ಎಂದು ಅವರ ನವಾಯತಿ ಭಾಷೆಯಲ್ಲಿ ಹೇಳಿದರು. ಅಷ್ಟು ನನಗೆ ಅರ್ಥವಾಗುತ್ತದೆ.

ಅವನು ಬಂದು ಹತ್ತಿದ. ತೋಟದ ಕೊನೆಯಲ್ಲಿ, ಕಡಲ ಕಡೆಗೆ, ಮೆತ್ತಗಿನ ಮರಳಿನ ದಿಬ್ಬವಿದೆ. ಅಮ್ಮ ಅದನ್ನು ಹತ್ತಲು ಹೋದಾಗ ಹಿಂದಿನ ಚಕ್ರಗಳು ಹೂತವು. ನಾನಾಗಿದ್ದರೆ ಎಕ್ಸಿಲರೇಟರ್ ಒತ್ತುತ್ತಿದ್ದೆ. ಅವರು ಕೂಡಲೇ ಕಾಲು ತೆಗೆದರು. ಇಳಿದು ಹೋಗಿ ಚಕ್ರ ನೋಡಿ ಬಂದರು. "ಗಾಳಿ ಸ್ವಲ್ಪ ಬಿಡು" ಎಂದು ಮಗನಿಗೆ ಹೇಳಿದರು. ಅವನು ಇಳಿದು, ಬಿಳಿ ಪ್ಯಾಂಟಿನಲ್ಲೇ ಮರಳಿನ ಮೇಲೆ ಮಂಡಿಯೂರಿ ನಾಲ್ಕೂ ಟಯರಿನ ಗಾಳಿ ಕಡಿಮೆ ಮಾಡಿದ. ಗಾಳಿ ಕಡಿಮೆಯಾದರೆ ಟಯರು ಅಗಲವಾಗಿ ಮರಳನ್ನು ಹಿಡಿಯುತ್ತದೆ. ಅಮ್ಮ ಸಣ್ಣ ಗೇರು ಕೋಲನ್ನು ಎಳೆದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ಅವಸರವಿಲ್ಲದೆ, ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ತಂದು ದಿಬ್ಬ ಹತ್ತಿಸಿದರು. ಮೇಲೆ ನಿಂತಾಗ ಎದುರಿಗೆ ಕಡಲು.

"ಅಪ್ಪ ಹೀಗೇ ಮಾಡ್ತಿದ್ರು" ಎಂದ ಮಗ.

"ನಿನ್ನ ಅಪ್ಪ ಒಂದು ಸಲ ಮರಳಲ್ಲಿ ಗಾಡಿ ಸಿಕ್ಕಿಸಿಕೊಂಡಾಗ ಗಾಳಿ ಬಿಡೋಕೆ ಹೇಳಿದ್ದು ನಾನು" ಎಂದರು ಅಮ್ಮ.

ಅವನು ಪ್ಯಾಂಟಿನ ಮರಳು ಕೊಡವಿಕೊಂಡ. ಆ ವಾರವೇ ನನ್ನ ಸ್ಕೂಲಿಗೆ ಬಂದು, ಎಲ್ಲೆಲ್ಲಿ ಸಹಿ ಬೇಕು ಎಂದು ಕೇಳಿ ಮಾಡಿಕೊಟ್ಟು ಹೋದ. ಗೋವಾದವರಿಗೂ ಅವನೇ ಫೋನ್ ಮಾಡಿ ಬೇಡವೆಂದನಂತೆ.

ನಂಬರಿಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ತಪಾಸಣೆಯ ದಿನ ಜೀಪನ್ನು ಲಾರಿಯ ಮೇಲೆ ಹೇರಿಕೊಂಡೇ ಹೊನ್ನಾವರಕ್ಕೆ ಹೋದೆವು. ನಮ್ಮನೆಯವರು ಅದಕ್ಕೆ ಹಳೆಯ ಮರಳಿನ ಬಣ್ಣವನ್ನೇ ಹೊಡೆಸಿದ್ದರು. ಇನ್‌ಸ್ಪೆಕ್ಟರು ಸುತ್ತ ನಡೆದು ನೋಡಿದರು. ಎಡ ಬಲ ಸಿಗ್ನಲ್ಲುಗಳು ಸರಿಯಾಗಿ ಹತ್ತುತ್ತವೆಯೇ ಎಂದು ಮತ್ತೆ ಮತ್ತೆ ಹಾಕಿಸಿದರು. ಎಡಗಡೆ ಸ್ಟೇರಿಂಗಿನ ಗಾಡಿಗೆ ಅದು ಮುಖ್ಯ ಎಂದರು. ಎಂಜಿನ್ ನಂಬರು ಸಿಕ್ಕಿತು. ಚಾಸಿ ನಂಬರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ನಮ್ಮನೆಯವರ ಮುಖ ಬಿಳುಚಿತು. ತುಕ್ಕು ಹಿಡಿಯದಿರಲೆಂದು ಚಾಸಿಗೆ ಬೋಟಿನ ತಳಕ್ಕೆ ಬಳಿಯುವ ಬಣ್ಣವನ್ನೇ ದಪ್ಪಗೆ ಬಳಿದಿದ್ದರು. ನಂಬರಿನ ಮೇಲೂ.

"ಕೆರೆದು ತೆಗೀರಿ. ಆದ್ರೆ ಹುಷಾರು, ಅಂಕಿ ಹಾಳಾದ್ರೆ ನಾನು ಏನೂ ಮಾಡೋಕಾಗೋದಿಲ್ಲ" ಎಂದು ಇನ್‌ಸ್ಪೆಕ್ಟರು ಬೇರೆ ಗಾಡಿ ನೋಡಲು ಹೋದರು.

ಇವರು ಬಗ್ಗುವಂತಿರಲಿಲ್ಲ. ನಾನೇ ಚಕ್ರದ ಹತ್ತಿರ ಕೂತು, ಬಟ್ಟೆಗೆ ಥಿನ್ನರ್ ಹಚ್ಚಿ ಉಜ್ಜಿದೆ. ಅಮ್ಮ ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಛತ್ರಿ ಹಿಡಿದರು. ಉಜ್ಜಿದಂತೆಲ್ಲ ಕೆಂಪು ಬಣ್ಣ ಕೈಗೆ ಬರುತ್ತಿತ್ತು, ಅಂಕಿ ಬರುತ್ತಿರಲಿಲ್ಲ. ಪರೀಕ್ಷೆಗೆ ಬಂದ ಕಾಲೇಜು ಮಕ್ಕಳು ನಮ್ಮಿಬ್ಬರನ್ನು ನೋಡಿಕೊಂಡು ಹೋಗುತ್ತಿದ್ದರು. ಕೊನೆಗೆ ಒಂದು ಗೆರೆ ಕಂಡಿತು, ಅದರ ಪಕ್ಕ ಇನ್ನೊಂದು. ಇನ್‌ಸ್ಪೆಕ್ಟರು ಬಂದು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ತಿಕ್ಕಿದಾಗ ಅಂಕಿಗಳು ಒಂದೊಂದಾಗಿ ಕಾಗದದ ಮೇಲೆ ಮೂಡಿದವು. ಕಸ್ಟಮ್ಸ್ ಕಾಗದದ ಜೊತೆ ತಾಳೆ ನೋಡಿ, "ಸರಿ ಇದೆ" ಎಂದರು. ನಮ್ಮನೆಯವರು ಆಗ ಹೋಗಿ ನೆರಳಿನಲ್ಲಿ ಕೂತರು.

"ಇನ್ನು ಬೆಂಗಳೂರಿನ ಸಮಿತಿ ನೋಡ್ಬೇಕು, ತಡ ಆಗ್ತದೆ" ಎಂದರು ಇನ್‌ಸ್ಪೆಕ್ಟರು. ಆಮೇಲೆ ಅಮ್ಮನ ಕಡೆ ತಿರುಗಿ, "ಒಂದು ವಿಷಯ ಗೊತ್ತಲ್ಲ, ವಿಂಟೇಜ್ ಗಾಡಿಯನ್ನು ದಿನಾ ಓಡಿಸೋಕೆ ಆಗೋದಿಲ್ಲ. ಬಾಡಿಗೆಗಂತೂ ಇಲ್ವೇ ಇಲ್ಲ. ಪ್ರದರ್ಶನ, ರ‍್ಯಾಲಿ, ಆಮೇಲೆ ರಿಪೇರಿಗೆ, ಡೀಸೆಲ್ ಹಾಕಿಸೋದಕ್ಕೆ ಹೋಗಿ ಬರಬಹುದು. ಅಷ್ಟೇ."

ಈ ನಿಯಮವನ್ನು ನಾನು ಓದಿದ್ದೆ. ಆದರೆ ಓಡಿದರೆ ಸಾಕು ಎನ್ನುವ ಗಡಿಬಿಡಿಯಲ್ಲಿ ಅದರ ಅರ್ಥ ಮನಸ್ಸಿಗೆ ಇಳಿದಿರಲಿಲ್ಲ. ಭಟ್ಕಳದ ಪೇಟೆಗೆ, ತಂಗಿಯ ಮನೆಗೆ ಎಂದು ಅಮ್ಮ ಹೇಳುತ್ತಿದ್ದುದೆಲ್ಲ ನೆನಪಾಗಿ ನನಗೆ ಅವರ ಮುಖ ನೋಡಲು ಆಗಲಿಲ್ಲ. ಅಮ್ಮ ಮಾತ್ರ, "ಡೀಸೆಲ್ ಹಾಕಿಸೋಕೆ ಹೋಗ್ಬಹುದಾ?" ಎಂದು ಕೇಳಿದರು.

"ಹೋಗಬಹುದು."

"ಆಯ್ತು, ಸಾಕು" ಎಂದರು.

ಕಾದೆವು. ಅವರು ಮತ್ತೆ ಕೇಳಿದ ಕಾಗದಗಳನ್ನು ಕಳಿಸಿದೆವು. ಗಲ್ಫಿನ ಕಾರ್ಡಿನಲ್ಲಿದ್ದುದನ್ನು ಭಾಷಾಂತರ ಮಾಡಿಸಿ ಕೊಟ್ಟೆವು. ಇನ್ನೊಂದು ಮಳೆಗಾಲ ಕಳೆಯಿತು. ನಂಬರು ಬಂದ ದಿನ ನಮ್ಮನೆಯವರು ಮುಂದಿನ ಫಲಕವನ್ನೂ, ಮಗ ಹಿಂದಿನ ಫಲಕವನ್ನೂ ಕೂರಿಸಿದರು.

ಮೊದಲ ಸಲ ತೋಟದ ಗೇಟು ದಾಟಿ ರಸ್ತೆಗೆ ಬಂದಾಗ ನಾನು ಅಮ್ಮನ ಪಕ್ಕದಲ್ಲಿದ್ದೆ, ನಮ್ಮನೆಯವರು ಮತ್ತು ಮಗ ಹಿಂದೆ. ಹೆದ್ದಾರಿಯಲ್ಲಿ ಅಮ್ಮ ಎಡಗಡೆಯೇ ಹಿಡಿದು, ಯಾರಿಗೂ ಅಡ್ಡ ಬಾರದೆ ಹೋದರು. ಮುಂದಿನ ಲಾರಿಯನ್ನು ದಾಟುವ ಆಸೆ ಅವರಿಗೆ ಇರಲಿಲ್ಲ. ಎಡಗಡೆ ಕೂತವರಿಗೆ ಲಾರಿಯ ಆಚೆ ಎದುರಿನಿಂದ ಬರುವುದು ಕಾಣುವುದೂ ಇಲ್ಲ. ಪಂಪಿನವನು ಸುತ್ತ ಒಂದು ಸಲ ನೋಡಿ, ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಕೇಳಿ ತೆಗೆದು, "ಫುಲ್ ಮಾಡ್ಲಾ?" ಎಂದ.

"ಬೇಡ, ಬೇಡ. ಸ್ವಲ್ಪ ಹಾಕು" ಎಂದರು ಅಮ್ಮ. "ನಾಡಿದ್ದು ಮತ್ತೆ ಬರ್ಬೇಕು."

ಮಗ ಹಿಂದಿನಿಂದ ಜೋರಾಗಿ ನಕ್ಕ. ಅವನು ಹಾಗೆ ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಈಗ ಅಮ್ಮ ಹಾಗೇ ಡೀಸೆಲ್ಲಿಗೆ ಹೋಗಿ ಬರುತ್ತಾರೆ, ಹೆಚ್ಚಾಗಿ ಬೆಳಗಿನ ಹೊತ್ತು, ಟ್ಯಾಂಕರುಗಳ ಓಡಾಟ ಶುರುವಾಗುವ ಮೊದಲು. ಪೇಟೆಗೆ ರಿಕ್ಷಾದಲ್ಲೇ ಹೋಗುತ್ತಾರೆ. ನಮ್ಮನೆಯವರು ಡ್ರೈವಿಂಗ್ ಸ್ಕೂಲಿನ ಹಿಂದೆ ಒಂದು ಶೆಡ್ಡು ಹಾಕಿಸಿಕೊಂಡಿದ್ದಾರೆ. ಕುಮಟೆ ಕಡೆಯ ಒಬ್ಬರು ಅಜ್ಜನ ಕಾಲದ ಟ್ರ್ಯಾಕ್ಟರ್ ಒಂದನ್ನು ತಂದು ಬಿಟ್ಟಿದ್ದಾರೆ. ಅದರ ಎಂಜಿನ್ ಎತ್ತರದಲ್ಲಿದೆ, ಬಗ್ಗುವುದೇ ಬೇಡ ಎಂದು ಇವರಿಗೆ ಖುಷಿ. ನಾನು ಮುಂದಿನ ಕೋಣೆಯಲ್ಲಿ ಪಾಠ ಹೇಳುತ್ತಿರುವಾಗ ಹಿಂದಿನಿಂದ ಸುತ್ತಿಗೆಯ ಸದ್ದು ಕೇಳುತ್ತಿರುತ್ತದೆ.